ಸೋಮವಾರಪೇಟೆಯ ಎರಡು ಓಟ

ಜುಲೈ ತಿಂಗಳಲ್ಲಿ ಕೊಡಗಿನ ಸೋಮವಾರಪೇಟೆಗೆ ಹೋದವರಿಗೆ ಮಳೆ ಬಿಡುವುದನ್ನು ಕಾಯುವುದೇ ಒಂದು ಕೆಲಸ. ಹಾಗೆ ಹೋಟೆಲೊಂದರಲ್ಲಿ ಬೆಲ್ಲದ ಕಾಪಿ ಹಿಡಿದು ಕೂತಿದ್ದಾಗ ಪಕ್ಕದ ಮೇಜಿನಲ್ಲಿ ಜಗಳ ಹತ್ತಿತ್ತು. ಒಂದು ಕಡೆ ಎಪ್ಪತ್ತು ದಾಟಿದ ನಿವೃತ್ತ ಮೇಷ್ಟ್ರು, ಇನ್ನೊಂದು ಕಡೆ ಕಾಲೇಜು ತಂಡದಲ್ಲಿ ಹಾಕಿ ಆಡುವ ಹುಡುಗ.

“ನೀನು ಗೋವಿಂದನ ಓಟ ನೋಡಿಲ್ಲ. ಅದಕ್ಕೇ ಹೀಗೆ ಮಾತಾಡ್ತೀಯ.”

“ನೀವು ಸುನಿಲಣ್ಣನ ಓಟಾನೂ ನೋಡಿದ್ದೀರಲ್ಲ ಸಾರ್. ಆದ್ರೂ ಹೀಗೆ ಮಾತಾಡ್ತೀರಲ್ಲ!”

ಮೇಷ್ಟ್ರು ಒಂದು ಕ್ಷಣ ಸುಮ್ಮನಾದರು. ಮಳೆ ನಿಂತಿತು, ಇಬ್ಬರೂ ಎದ್ದು ಹೋದರು. ಅವರ ಜಗಳ ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಕಾಲ ಬೇರೆಯಾದ ಇಬ್ಬರನ್ನು ಒಂದೇ ತಕ್ಕಡಿಯಲ್ಲಿ ಇಡಬಹುದೇ? ಇಟ್ಟರೆ ನಾವು ತೂಗುವುದಾದರೂ ಏನನ್ನು?

ಈ ಪ್ರಶ್ನೆ ಕೇಳಲು ಸೋಮವಾರಪೇಟೆಯಷ್ಟು ಹೇಳಿಮಾಡಿಸಿದ ಊರು ಇನ್ನೊಂದಿಲ್ಲ. ಬಿ.ಪಿ. ಗೋವಿಂದ ಹುಟ್ಟಿದ್ದು 1951ರಲ್ಲಿ, ಎಸ್.ವಿ. ಸುನಿಲ್ 1989ರಲ್ಲಿ. ಊರು ಒಂದೇ, ಮಳೆ ಒಂದೇ. ಇಬ್ಬರೂ ಫಾರ್ವರ್ಡ್ ಆಟಗಾರರು, ಇಬ್ಬರ ಹೆಸರಿಗೂ ವೇಗ ಎಂಬ ಮಾತು ಅಂಟಿಕೊಂಡಿದೆ. ಗೋವಿಂದ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು, 1975ರಲ್ಲಿ ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು 2-1ರಿಂದ ಮಣಿಸಿ ವಿಶ್ವಕಪ್ ತಂದ ತಂಡದಲ್ಲೂ ಇದ್ದರು. ಭಾರತ ಹಾಕಿ ವಿಶ್ವಕಪ್ ಗೆದ್ದದ್ದು ಅದೊಂದೇ ಸಲ. ಸುನಿಲ್ ಲಂಡನ್ ಮತ್ತು ರಿಯೊ ಒಲಿಂಪಿಕ್ಸ್‌ಗಳಲ್ಲಿ ಆಡಿದರು, 2014ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದರು, 260ಕ್ಕೂ ಹೆಚ್ಚು ಅಂತರರಾಷ್ಟ್ರೀಯ ಪಂದ್ಯಗಳನ್ನಾಡಿ 2021ರಲ್ಲಿ ನಿವೃತ್ತರಾದರು. ಇಬ್ಬರಿಗೂ ಅರ್ಜುನ ಪ್ರಶಸ್ತಿ ಬಂದಿದೆ.

ಹುಡುಗ ಮೊದಲು ಎತ್ತಿಕೊಳ್ಳುವುದು ಅಂಕಿಯನ್ನು. ಇನ್ನೂರ ಅರವತ್ತು ಪಂದ್ಯ ಎಂದರೆ ಸಾಮಾನ್ಯವೇ? ಅಲ್ಲ. ಆದರೆ ಗೋವಿಂದರ ಕಾಲದಲ್ಲಿ ವರ್ಷಕ್ಕೆ ಈಗಿನಷ್ಟು ಪಂದ್ಯಗಳೇ ನಡೆಯುತ್ತಿರಲಿಲ್ಲ. ಹಾಕಿ ವಿಶ್ವಕಪ್ ಎಂಬುದು ಶುರುವಾದದ್ದೇ 1971ರಲ್ಲಿ. ಇಲ್ಲಿ ಅಂಕಿಗಳನ್ನು ಹೋಲಿಸಿದರೆ ಎರಡು ಕಾಲದ ಕ್ಯಾಲೆಂಡರುಗಳನ್ನು ಹೋಲಿಸಿದಂತಾಗುತ್ತದೆ, ಅಷ್ಟೆ. ಕ್ರಿಕೆಟ್ಟಿನವರಿಗೆ ಡಾನ್ ಬ್ರಾಡ್ಮನ್‌ರ 99.94 ಎಂಬ ಸರಾಸರಿ ಇದೆ. ಅದು ಕಾಲವನ್ನು ಮೀರಿ ಮಾತಾಡುತ್ತದೆ, ಏಕೆಂದರೆ ಅವರ ಜೊತೆಯಲ್ಲಿ ಆಡಿದವರಾಗಲಿ ಆಮೇಲೆ ಬಂದವರಾಗಲಿ ಅದರ ಹತ್ತಿರವೂ ಸುಳಿಯಲಿಲ್ಲ. ಹಾಕಿಯಲ್ಲಿ ಅಂಥ ಅಂಕಿ ಹುಟ್ಟುವುದು ಕಷ್ಟ. ಗೋಲಿನ ಲೆಕ್ಕದಲ್ಲಿ ಬರೆಯುವುದು ಕೊನೆಗೆ ಚೆಂಡು ಮುಟ್ಟಿದವನ ಹೆಸರನ್ನು. ಬಲ ಅಂಚಿನಲ್ಲಿ ಓಡಿ ಇಬ್ಬರು ಡಿಫೆಂಡರುಗಳನ್ನು ತನ್ನ ಹಿಂದೆ ಎಳೆದುಕೊಂಡು ಹೋಗಿ ಮಧ್ಯದಲ್ಲಿ ಜಾಗ ಮಾಡಿಕೊಟ್ಟವನ ಹೆಸರು ಯಾವ ಪಟ್ಟಿಗೂ ಸೇರುವುದಿಲ್ಲ.

ಮೇಷ್ಟ್ರು ಎತ್ತಿಕೊಳ್ಳುವುದು ಪದಕವನ್ನು. ವಿಶ್ವಕಪ್ಪಿನ ಮುಂದೆ ಇನ್ನೇನು ಮಾತು? ಆದರೆ ಪದಕವೂ ಸರಿಯಾದ ಅಳತೆಗೋಲಲ್ಲ. ಕೊಡಗಿನವರೇ ಆದ ಎಂ.ಎಂ. ಸೋಮಯ್ಯ 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ಬಹಿಷ್ಕಾರದ ದೆಸೆಯಿಂದ ಅಲ್ಲಿ ಆಡಿದ್ದು ಆರೇ ತಂಡ. ಎಂಟು ವರ್ಷದ ನಂತರ ಸೋಲ್‌ನಲ್ಲಿ ಅದೇ ಸೋಮಯ್ಯ ನಾಯಕರಾಗಿದ್ದಾಗ ಭಾರತಕ್ಕೆ ಸಿಕ್ಕಿದ್ದು ಆರನೆಯ ಸ್ಥಾನ. ಆ ಎಂಟು ವರ್ಷಗಳಲ್ಲಿ ಅವರು ಹಾಕಿ ಕಲಿತದ್ದೇ ಹೆಚ್ಚು, ಮರೆತದ್ದಲ್ಲ. ಎದುರಿಗೆ ಬಂದ ತಂಡಗಳ ಸಂಖ್ಯೆಯೂ ಬಲವೂ ಬೇರೆಯಾಗಿತ್ತು.

ಇದಕ್ಕಿಂತ ಚುರುಕಾದ ಉದಾಹರಣೆ ಗೋವಿಂದರ ಬದುಕಿನಲ್ಲೇ ಇದೆ. 1973ರ ವಿಶ್ವಕಪ್ ಫೈನಲ್, ನೆದರ್ಲೆಂಡ್ಸ್‌ನ ಆಮ್‌ಸ್ಟೆಲ್‌ವೀನ್. ಭಾರತದ ನಾಯಕ ಕೊಡಗಿನ ಎಂ.ಪಿ. ಗಣೇಶ್. ಎರಡು ಗೋಲು ಮುಂದಿದ್ದ ಭಾರತವನ್ನು ಆತಿಥೇಯರು 2-2ಕ್ಕೆ ತಂದು ನಿಲ್ಲಿಸಿದರು. ಹೆಚ್ಚುವರಿ ಆಟದಲ್ಲಿ ಮೊದಲು ಗೋಲು ಹೊಡೆದವರದೇ ಕಪ್. ಆಗ ಭಾರತಕ್ಕೆ ಒಂದು ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು, ಹೊಡೆಯಲು ನಿಂತವರು ಗೋವಿಂದ. ಚೆಂಡು ಗೋಲಾಗಲಿಲ್ಲ. ಆಮೇಲೆ ಸ್ಟ್ರೋಕ್‌ಗಳ ಸರದಿಯಲ್ಲಿ ಭಾರತ ಸೋತಿತು. ಆ ಒಂದು ಹೊಡೆತ ಒಳಹೊಕ್ಕಿದ್ದರೆ ಗಣೇಶ್ ವಿಶ್ವಕಪ್ ಎತ್ತಿದ ಮೊದಲ ಭಾರತೀಯ ನಾಯಕರಾಗುತ್ತಿದ್ದರು, ಗೋವಿಂದ ಕಪ್ ಗೆಲ್ಲಿಸಿದವರಾಗುತ್ತಿದ್ದರು. ಗಣೇಶರ ಆಟವಾಗಲಿ ಗೋವಿಂದರ ಓಟವಾಗಲಿ ಆ ಕ್ಷಣದಲ್ಲಿ ಕೂದಲೆಳೆಯಷ್ಟೂ ಬದಲಾಗುತ್ತಿರಲಿಲ್ಲ. ಬದಲಾಗುತ್ತಿದ್ದದ್ದು ನಾವು ಅವರನ್ನು ಕರೆಯುವ ಬಗೆ. ಎರಡು ವರ್ಷದಲ್ಲಿ ಅದೇ ಗೋವಿಂದ ವಿಶ್ವಕಪ್ ವಿಜೇತ ತಂಡದವರಾದರು. ‘ದೊಡ್ಡ ಆಟಗಾರ’ ಎಂದು ನಾವು ಹೇಳುವಾಗ ಆ ಮಾತಿನೊಳಗೆ ಅದೃಷ್ಟದ ಪಾಲು ಎಷ್ಟಿದೆ ಎಂದು ಬಿಡಿಸಿ ತೋರಿಸುವುದು ಸುಲಭವಲ್ಲ.

ಹಾಗಾದರೆ ಸುಮ್ಮನಿರುವುದೇ ಲೇಸೇ? “ಕಾಲ ಬೇರೆ, ಆಟ ಬೇರೆ, ಹೋಲಿಸಬಾರದು” ಎಂದು ಹೇಳಿ ಕೈತೊಳೆದುಕೊಳ್ಳುವವರು ಬಹಳ ಮಂದಿ. ಸಭ್ಯವಾಗಿ ಕೇಳುವ ಈ ಮಾತು ನನಗೆ ಒಪ್ಪಿಗೆಯಿಲ್ಲ. ಎರಡು ಕಾಲದ ಆಟಗಳು ಬೇರೆ ಎಂದು ಗೊತ್ತಾಗುವುದೇ ಹೋಲಿಸಿದ ಮೇಲೆ. ಗೋವಿಂದರ ಕಾಲದ ಪಂದ್ಯ 35 ನಿಮಿಷಗಳ ಎರಡು ಅವಧಿ, ಈಗ 15 ನಿಮಿಷಗಳ ನಾಲ್ಕು. ಅಂದು ಹನ್ನೊಂದು ಜನ ಹೆಚ್ಚುಕಮ್ಮಿ ಕೊನೆಯವರೆಗೂ ಆಡಬೇಕಿತ್ತು. ಇಂದು ಫಾರ್ವರ್ಡ್ ಆದವನು ಕೆಲವು ನಿಮಿಷ ಮೈಯೆಲ್ಲ ಹಿಂಡಿ ಓಡಿ, ಬೆಂಚಿಗೆ ಬಂದು ಉಸಿರು ತೆಗೆದುಕೊಂಡು ಮತ್ತೆ ಇಳಿಯುತ್ತಾನೆ. ಅಂದು ಆಫ್‌ಸೈಡ್ ನಿಯಮವಿತ್ತು, ಎದುರಾಳಿಯ ಬೆನ್ನ ಹಿಂದೆ ಹೋಗಿ ಚೆಂಡಿಗಾಗಿ ಕಾಯುವಂತಿರಲಿಲ್ಲ. 1990ರ ದಶಕದಲ್ಲಿ ಅದು ರದ್ದಾಯಿತು, ಮೈದಾನವೇ ಉದ್ದವಾದಂತಾಯಿತು. ಇಷ್ಟನ್ನು ತಿಳಿಯದವನಿಗೆ ಅಂದಿನ ಓಟವೂ ಅರ್ಥವಾಗದು, ಇಂದಿನದೂ ಅರ್ಥವಾಗದು.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಕಾಲಡಿಯ ನೆಲದ್ದು. ಮಣ್ಣಿನ ಮೈದಾನದಲ್ಲಿ ಚೆಂಡು ಉರುಳುತ್ತ ಬರುವಾಗ ಆಟಗಾರನ ಕಣ್ಣು ಚೆಂಡಿನ ಮೇಲಿದ್ದರೆ ಸಾಲದು, ಚೆಂಡಿನ ಮುಂದಿನ ಒಂದು ಮಾರು ನೆಲದ ಮೇಲೂ ಇರಬೇಕು. ಅಲ್ಲೊಂದು ಹರಳು, ಇಲ್ಲೊಂದು ಹುಲ್ಲಿನ ಗಡ್ಡೆ. ಕೊನೆಯ ಗಳಿಗೆಯಲ್ಲಿ ಚೆಂಡು ಪುಟಿದರೆ ಮಣಿಕಟ್ಟು ಸಡಿಲವಾಗಿರಬೇಕು, ಸ್ಟಿಕ್ ತಾನೇ ಹಿಂದೆ ಸರಿದು ಚೆಂಡನ್ನು ಹಸುಗೂಸಿನಂತೆ ಹಿಡಿದುಕೊಳ್ಳಬೇಕು. ನೀರು ಚಿಮುಕಿಸಿದ ಟರ್ಫ್ ಮೇಲೆ ಚೆಂಡು ಗೆರೆ ಎಳೆದಂತೆ ಬರುತ್ತದೆ, ನಂಬಬಹುದು. ಆದರೆ ಅದರ ವೇಗಕ್ಕೆ ಕಣ್ಣು ರೆಪ್ಪೆ ಹೊಡೆಯುವಷ್ಟೂ ಬಿಡುವಿಲ್ಲ. ಚೆಂಡು ಬರುವ ಮೊದಲೇ ಮುಂದಿನ ಎರಡು ಹೆಜ್ಜೆ ತೀರ್ಮಾನವಾಗಿರಬೇಕು. ಮಣ್ಣು ಕೈಯನ್ನು ಪರೀಕ್ಷಿಸಿದರೆ ಟರ್ಫ್ ಕಾಲನ್ನು ಪರೀಕ್ಷಿಸುತ್ತದೆ. ಒಲಿಂಪಿಕ್ಸ್‌ಗೆ ಕೃತಕ ಹಾಸು ಬಂದದ್ದು 1976ರಲ್ಲಿ, ಮಾಂಟ್ರಿಯಲ್‌ನಲ್ಲಿ. ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆದ್ದಿದ್ದ ಭಾರತ ಅಲ್ಲಿ ಏಳನೆಯದಾಯಿತು. 1928ರಿಂದ ಮೊದಲ ಬಾರಿಗೆ ಪದಕವಿಲ್ಲದೆ ಮರಳಿತು. ಆ ತಂಡದಲ್ಲೂ ಗೋವಿಂದ ಇದ್ದರು. ಎರಡು ಕಾಲಗಳ ನಡುವಿನ ಗೆರೆಯನ್ನು ಅವರು ತಮ್ಮ ಕಾಲಿಂದಲೇ ದಾಟಿದ್ದರು.

ಹೋಟೆಲಿನ ಜಗಳಗಳಲ್ಲಿ ಮುಂದಿನ ಪಟ್ಟು ಯಾವುದೆಂದು ಎಲ್ಲರಿಗೂ ಗೊತ್ತು: “ಗೋವಿಂದ ಇವತ್ತು ಆಡಿದ್ದರೆ?” ಈ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. 1975ರ ಗೋವಿಂದರನ್ನು ಇದ್ದ ಹಾಗೆಯೇ ಎತ್ತಿ ತಂದು ಇಂದಿನ ಟರ್ಫ್ ಮೇಲೆ ಬಿಟ್ಟರೆ ಅದು ಅನ್ಯಾಯ. ಈಗಿನ ಬೂಟು, ಈಗಿನ ಸ್ಟಿಕ್, ಈಗಿನ ತರಬೇತಿ ಯಾವುದೂ ಅವರದಲ್ಲ. ಹಾಗಲ್ಲ, ಅವರು 1989ರಲ್ಲೇ ಹುಟ್ಟಿ ಇಲ್ಲಿಯೇ ಬೆಳೆದಿದ್ದರೆ ಎನ್ನೋಣ. ಆಗ ಅವರ ಮಣಿಕಟ್ಟನ್ನು ತಿದ್ದಿದ ಮಣ್ಣು ಅವರ ಪಾಲಿಗೆ ಇರುತ್ತಿರಲಿಲ್ಲ, ನಾವು ಗೋವಿಂದ ಎಂದು ಕರೆಯುವ ಆಟಗಾರ ಹುಟ್ಟುತ್ತಲೇ ಇರಲಿಲ್ಲ. ಮೊದಲ ದಾರಿಯಲ್ಲಿ ಮನುಷ್ಯ ಉಳಿಯುತ್ತಾನೆ, ನ್ಯಾಯ ಉಳಿಯುವುದಿಲ್ಲ. ಎರಡನೆಯದರಲ್ಲಿ ನ್ಯಾಯ ಉಳಿಯುತ್ತದೆ, ಮನುಷ್ಯ ಉಳಿಯುವುದಿಲ್ಲ. ಇದೇ ಆಟವನ್ನು ತಿರುಗಿಸಿ, ಸುನಿಲರನ್ನು 1973ರ ಹುಲ್ಲಿನ ಮೇಲೆ ನಿಲ್ಲಿಸಿದರೂ ಫಲ ಅದೇ.

ಗಂಟು ಇರುವುದು ಎಲ್ಲಿ? ನಾವು ಎರಡು ಬೇರೆ ಕೆಲಸಗಳನ್ನು ಒಂದೇ ಎಂದುಕೊಂಡಿದ್ದೇವೆ. ಹೋಲಿಸುವುದು ಒಂದು ಕೆಲಸ, ಮೇಲು ಕೆಳಗು ಎಂದು ಕೂರಿಸುವುದು ಇನ್ನೊಂದು. ಕೊಡಗಿನ ಕಾಫಿ ಬೆಳೆಗಾರನನ್ನು ಕೇಳಿ. ಅರೇಬಿಕಾ ಯಾವ ಎತ್ತರದಲ್ಲಿ ಒಲಿಯುತ್ತದೆ, ರೋಬಸ್ಟಾ ಯಾವ ರೋಗವನ್ನು ತಡೆಯುತ್ತದೆ, ಯಾವುದರ ಹೂವಿಗೆ ಯಾವಾಗ ಮಳೆ ಬೇಕು, ಯಾವುದಕ್ಕೆ ಎಷ್ಟು ನೆರಳು, ಎಲ್ಲ ಹೇಳುತ್ತಾನೆ. ದಿನವಿಡೀ ಹೋಲಿಸುವ ಅವನಿಗೆ ಯಾವುದು ದೊಡ್ಡದು ಎಂಬ ಪ್ರಶ್ನೆಯೇ ಏಳುವುದಿಲ್ಲ. ಆ ಪ್ರಶ್ನೆ ಏಳುವುದು ಮೂಟೆ ಮಾರುಕಟ್ಟೆಗೆ ಹೋದಾಗ, ಅಲ್ಲಿ ದರ ಕಟ್ಟಲೇಬೇಕಾಗಿರುವುದರಿಂದ.

ಶ್ರೇಣಿ ಬೇಕಾಗುವುದು ಜಾಗ ಕಡಿಮೆ ಇದ್ದಾಗ. ತಂಡದ ಆಯ್ಕೆಗಾರರು ಶ್ರೇಣಿ ಕಟ್ಟಲೇಬೇಕು. ವಿಮಾನ ಹತ್ತುವುದು ಹದಿನಾರೋ ಹದಿನೆಂಟೋ ಮಂದಿ, ಬಾಗಿಲಲ್ಲಿ ನಿಂತವರು ನಲವತ್ತು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿ ಸುನಿಲ್‌ಗೆ ಜಾಗ ಸಿಗಲಿಲ್ಲ, ಅದು ಆಯ್ಕೆಯ ನಿಷ್ಠುರ ಲೆಕ್ಕ. ಆದರೆ ಗೋವಿಂದ ಮತ್ತು ಸುನಿಲ್ ಯಾವತ್ತೂ ಒಂದೇ ಕುರ್ಚಿಗೆ ಬಂದವರಲ್ಲ. ಒಬ್ಬರು ಕೂತರೆ ಇನ್ನೊಬ್ಬರು ಏಳಬೇಕಾದ ಸಂದರ್ಭ ಇಲ್ಲದ ಮೇಲೆ ಆಯ್ಕೆಗಾರನ ಲೇಖನಿಯನ್ನು ನಾವು ಯಾಕೆ ಕೈಗೆತ್ತಿಕೊಳ್ಳಬೇಕು?

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ನೆನಪೂ ಒಂದು ಕುರ್ಚಿಯೇ, ಅಲ್ಲೂ ಜಾಗ ಕಡಿಮೆ ಎಂದು ಯಾರಾದರೂ ಹೇಳಬಹುದು. ಮೈದಾನಕ್ಕೆ ಇಡುವುದು ಒಂದೇ ಹೆಸರು. ಹತ್ತು ವರ್ಷದ ಮಗುವಿಗೆ ಹತ್ತು ವೀರರ ಕಥೆ ಹೇಳುವಷ್ಟು ಸಂಜೆಗಳು ನಮ್ಮ ಬಳಿ ಇಲ್ಲ. ಯಾರನ್ನು ಉಳಿಸಿಕೊಳ್ಳಬೇಕು ಎಂದಾದರೂ ತೀರ್ಮಾನಿಸಬೇಡವೇ? ಮಾತು ನಿಜ. ಆದರೆ ಶ್ರೇಣಿ ನೆನಪಿಗೆ ಮಾಡುವ ಉಪಕಾರ ಎಷ್ಟು ಎಂದು ನೋಡಬೇಕು. ಪಟ್ಟಿಯ ತಲೆಯಲ್ಲಿರುವವನ ಹೆಸರು ಉಳಿಯುತ್ತದೆ, ಅವನ ಆಟ ಉಳಿಯುವುದಿಲ್ಲ. ಅತಿಶ್ರೇಷ್ಠ ಎಂದು ಒಪ್ಪಿದ ಮೇಲೆ ಯಾಕೆ ಎಂದು ವಿವರಿಸುವ ಹೊರೆ ತಪ್ಪುತ್ತದಲ್ಲ! ಹೋಲಿಕೆಗೆ ಆ ಸೋಮಾರಿತನ ಸಾಧ್ಯವಿಲ್ಲ. ಸುನಿಲರ ಓಟವನ್ನು ಗೋವಿಂದರ ಓಟದ ಪಕ್ಕದಲ್ಲಿಟ್ಟು ಮಾತಾಡಬೇಕಾದರೆ ಚೆಂಡು ಹೇಗೆ ಪುಟಿಯುತ್ತಿತ್ತು, ಡಿಫೆಂಡರ್ ಎಲ್ಲಿ ನಿಲ್ಲುತ್ತಿದ್ದ, ಎಷ್ಟು ನಿಮಿಷ ಓಡಬೇಕಿತ್ತು ಎಂದು ಹೇಳಲೇಬೇಕು. ನೆನಪು ಉಳಿಯುವುದು ಆ ವಿವರಗಳಲ್ಲಿ.

ಎಲ್ಲ ಬದಲಾದರೂ ಬದಲಾಗದ ಒಂದು ಪ್ರಶ್ನೆ ಇಬ್ಬರ ಮುಂದೆಯೂ ಇತ್ತು: ಎದುರಿಗೆ ನಿಂತವನ ಭಾರ ಯಾವ ಕಾಲಿನ ಮೇಲಿದೆ? ವೇಗದ ಫಾರ್ವರ್ಡ್ ಗೆಲ್ಲುವುದು ಬರೀ ಕಾಲಿನ ಬಲದಿಂದಲ್ಲ. ಡಿಫೆಂಡರ್ ಎಡಗಾಲಿಗೆ ಭಾರ ಹಾಕಿದ ಅರೆಕ್ಷಣವನ್ನು ಓದಿ ಆ ಕಡೆಯಿಂದಲೇ ನುಗ್ಗುವುದರಿಂದ. ಗೋವಿಂದ ಅದನ್ನು ಓದಬೇಕಾಗಿದ್ದದ್ದು ಅದೇ ತಾನೇ ಎದುರಾದ ಅಪರಿಚಿತನ ಮೈಯಲ್ಲಿ. ಸುನಿಲ್ ಓದಬೇಕಾಗಿದ್ದದ್ದು ಇವರ ಓಟವನ್ನು ಹಿಂದಿನ ರಾತ್ರಿಯೇ ವಿಡಿಯೊದಲ್ಲಿ ನೋಡಿಕೊಂಡು ಬಂದವನ ಮೈಯಲ್ಲಿ. ಒಗಟು ಒಂದೇ, ಬಿಡಿಸುವ ಕಷ್ಟ ಬೇರೆ ಬೇರೆ. ಇಂಥ ಒಂದೊಂದು ಒಗಟನ್ನು ಹಿಡಿದು ಹೋಲಿಸಿದರೆ ಇಬ್ಬರೂ ಬೆಳೆಯುತ್ತಾರೆ.

ಹುಡುಗನ ಸವಾಲಿಗೆ ಮೇಷ್ಟ್ರು ಯಾಕೆ ಸುಮ್ಮನಾದರು ಎಂದು ಈಗ ನನಗೆ ಹೊಳೆಯುತ್ತದೆ. ಅವರು ಇಬ್ಬರ ಓಟವನ್ನೂ ನೋಡಿದ್ದು ಹೌದು. ಆದರೆ ಒಂದನ್ನು ನೋಡಿದ್ದು ಇಪ್ಪತ್ತರ ಕಣ್ಣಿನಿಂದ, ಇನ್ನೊಂದನ್ನು ಅರವತ್ತರ ಕಣ್ಣಿನಿಂದ. ಆಟಗಾರರನ್ನು ತೂಗುವ ಮೊದಲು ತಮ್ಮ ಎರಡು ಕಣ್ಣುಗಳನ್ನೇ ತೂಗಬೇಕಲ್ಲ ಎಂದು ಆ ಕ್ಷಣಕ್ಕೆ ಅವರಿಗೆ ಅನ್ನಿಸಿರಬಹುದು.

ಬೇರೆ ಬೇರೆ ಕಾಲದವರು ಒಂದೇ ಮೈದಾನಕ್ಕೆ ಇಳಿಯುವುದು ಅಸಾಧ್ಯ ಎಂದೇನಿಲ್ಲ. ಕೊಡಗಿನಲ್ಲಿ ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಅದು ನಡೆಯುತ್ತದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಒಕ್ಕಗಳನ್ನು, ಅಂದರೆ ಮನೆತನಗಳನ್ನು, ಸೇರಿಸಿ ಶುರುಮಾಡಿದ ಕೊಡವ ಕೌಟುಂಬಿಕ ಹಾಕಿ ಉತ್ಸವ 2024ರಲ್ಲಿ ನಾಪೋಕ್ಲುವಿಗೆ ಬಂದಾಗ 360 ಒಕ್ಕಗಳ ಹಬ್ಬವಾಗಿತ್ತು. ಅಲ್ಲಿ ತಂಡ ಎಂದರೆ ಒಂದು ಒಕ್ಕ. ಅಜ್ಜ, ಮಗ, ಸೊಸೆ, ಮೊಮ್ಮಗಳು ಯಾರು ಬೇಕಾದರೂ ಸ್ಟಿಕ್ ಹಿಡಿಯಬಹುದು. ನಾನು ನೋಡಿದ ಒಂದು ಪಂದ್ಯದಲ್ಲಿ ಹಿಂದಿನ ಸಾಲಿನಲ್ಲಿ ತಲೆ ಪೂರ್ತಿ ನರೆತ ಹಿರಿಯರೊಬ್ಬರು ನಿಂತಿದ್ದರು. ಓಡುವ ಉಮೇದಿನಲ್ಲಿ ಅವರು ಇರಲಿಲ್ಲ. ಹಿಂದಿನ ಸಂಜೆಯ ಮಳೆಗೆ ಮೆತ್ತಗಾಗಿದ್ದ ಮಣ್ಣಿನಲ್ಲಿ ಚೆಂಡು ಪುಟಿದು ಬಂದಾಗ ಅವರ ಮಣಿಕಟ್ಟು ಒಂದಿಷ್ಟು ಸಡಿಲವಾಯಿತು, ಚೆಂಡು ಸ್ಟಿಕ್ಕಿಗೆ ಅಂಟಿಕೊಂಡಂತೆ ನಿಂತಿತು. ತಲೆ ಎತ್ತಿ ನೋಡದೆಯೇ ಬಲಕ್ಕೆ ತಳ್ಳಿದರು. ಬಲ ಅಂಚಿನಲ್ಲಿ ಹದಿನಾಲ್ಕರ ಹುಡುಗಿಯೊಬ್ಬಳು ಆಗಲೇ ಓಡುತ್ತಿದ್ದಳು.

ಅವರಿಬ್ಬರಲ್ಲಿ ಯಾರು ದೊಡ್ಡವರು ಎಂದು ಆ ಗಳಿಗೆಯಲ್ಲಿ ಮೈದಾನದ ಸುತ್ತ ಯಾರೂ ಕೇಳಲಿಲ್ಲ. ಎಲ್ಲರ ಕಣ್ಣೂ ಚೆಂಡಿನ ಹಿಂದೆ ಹೋಗಿತ್ತು.