ಕಣ್ಣು ಕೊಟ್ಟು ಹೋದವರು

☸️ ಇಂದಿನ ಧಮ್ಮ ಚಿಂತನೆ ☸️



ಯಾರಾದರೂ ಹೆಸರಾಂತ ನಟರು ತೀರಿಕೊಂಡ ದಿನ ನಮ್ಮ ಫೋನು ನೋಡಿ. ಸುದ್ದಿ ಬಂದು ಒಂದು ಗಂಟೆಯೊಳಗೆ ಎಲ್ಲರ ಸ್ಟೇಟಸ್ಸಿನಲ್ಲೂ ಅದೇ ಫೋಟೋ, ಅದರ ಕೆಳಗೆ ಒಂದು ದೀಪ. ಸಂಜೆಗೆ ಅವರ ಹಳೆಯ ಹಾಡು. ಮೂರನೇ ದಿನ ಮತ್ತೆ ಶುಭೋದಯದ ಹೂವು. ಇದನ್ನು ಗೇಲಿ ಮಾಡಲು ಹೇಳುತ್ತಿಲ್ಲ, ನಾನೂ ಹಾಕುವವನೇ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೋದಾಗ ಹಾಕಿದೆ. 2024ರ ಜುಲೈ 11ರಂದು ನಿರೂಪಕಿ ಅಪರ್ಣಾ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಹಾಕಿದೆ. 2025ರ ಜುಲೈ 14ರಂದು ಬಿ. ಸರೋಜಾದೇವಿಯವರು 87ನೇ ವಯಸ್ಸಿನಲ್ಲಿ ಕಣ್ಣು ಮುಚ್ಚಿದಾಗಲೂ ಫೋಟೋ ಹುಡುಕಿ ಇಟ್ಟೆ. ಆದರೆ ಆ ಸಲ ಬೆರಳು ಮುಂದಕ್ಕೆ ಹೋಗಲಿಲ್ಲ. ಯಾಕೆ ಎಂಬುದನ್ನು ಇವತ್ತು ನಿಮ್ಮ ಮುಂದೆ ಹೇಳಿಕೊಳ್ಳಬೇಕು.

ನಮ್ಮವ್ವ ಸರೋಜಾದೇವಿಯವರನ್ನು ಮೊದಲ ಸಲ ನೋಡಿದ್ದು ಟೆಂಟ್ ಸಿನಿಮಾದಲ್ಲಿ, ‘ಕಿತ್ತೂರು ಚೆನ್ನಮ್ಮ’ ಚಿತ್ರದಲ್ಲಿ. ಚಿತ್ರ ಬಂದದ್ದು 1961ರಲ್ಲಿ. ನಮ್ಮೂರ ಹತ್ತಿರದ ಟೆಂಟಿಗೆ ಬರುವಷ್ಟರಲ್ಲಿ ಎಷ್ಟೋ ವರ್ಷ ಆಗಿತ್ತು. ಆಗ ಊರ ಹೋಟೆಲಿನಲ್ಲಿ ನಮ್ಮ ಕೇರಿಯವರಿಗೆ ಲೋಟ ಬೇರೆ. ಕುಡಿದ ಮೇಲೆ ಅದನ್ನು ತೊಳೆದು ಗೋಡೆಯ ಮೇಲೆ ಇಡಬೇಕಾದವರೂ ನಾವೇ. ಟೆಂಟಿನಲ್ಲಿ ಮಾತ್ರ ನೆಲದ ಟಿಕೆಟ್ ಕೊಂಡವರೆಲ್ಲ ಒಂದೇ ಮರಳಿನ ಮೇಲೆ ಕೂರಬೇಕು. “ಕತ್ತಲಾದ ಮೇಲೆ ಯಾರ ಮೊಣಕೈ ಯಾರಿಗೆ ತಾಗ್ತು ಅಂತ ಯಾರು ನೋಡ್ತಾರೆ ಮಗ” ಎಂದು ಅವ್ವ ನಗುತ್ತಿದ್ದಳು. ಆ ಪರದೆಯ ಮೇಲೆ ಒಬ್ಬ ಹೆಣ್ಣು ಕತ್ತಿ ಹಿಡಿದು ಬ್ರಿಟಿಷರಿಗೆ ಎದುರು ನಿಂತದ್ದನ್ನು ಅವಳು ಸಾಯುವವರೆಗೂ ಮರೆಯಲಿಲ್ಲ. ಅಂಥ ಅವ್ವನ ಮಗ ನಾನು. ಸಿನಿಮಾ ಎಂದರೆ ಬರೀ ಮೋಹ ಎಂದು ನನ್ನ ಬಾಯಲ್ಲಿ ಬರುವುದಿಲ್ಲ.

ಹಾಗಾದರೆ ನಟರನ್ನು ನೆನೆಯುವುದು ಧಮ್ಮ ಚಿಂತನೆಯ ವಿಷಯವೇ? ಭಗವಾನ್ ಬುದ್ಧರ ಮುಂದೆಯೇ ಈ ವಿಷಯ ಬಂದಿತ್ತು. ರಾಜಗೃಹದ ವೇಳುವನದಲ್ಲಿ ಬುದ್ಧರಿದ್ದಾಗ ತಾಲಪುಟ ಎಂಬ ನಾಟಕ ಮಂಡಳಿಯ ಯಜಮಾನ ಬಂದು ಕೇಳಿದ: ರಂಗದ ಮೇಲೆ ಜನರನ್ನು ನಗಿಸುವ, ರಂಜಿಸುವ ನಟ ಸತ್ತ ಮೇಲೆ ನಗುವ ದೇವತೆಗಳ ಲೋಕಕ್ಕೆ ಹೋಗುತ್ತಾನೆ ಎಂದು ನಮ್ಮ ಹಿರಿಯ ನಟರು ಹೇಳುತ್ತಾ ಬಂದಿದ್ದಾರೆ, ತಾವು ಏನು ಹೇಳುತ್ತೀರಿ? ಬುದ್ಧರು, ಅದಿರಲಿ, ಕೇಳಬೇಡ ಎಂದರು. ಎರಡನೇ ಸಲ ಕೇಳಿದಾಗಲೂ ಅದನ್ನೇ ಹೇಳಿದರು. ಮೂರನೇ ಸಲ ಕೇಳಿದ ಮೇಲೆ ಮುಚ್ಚುಮರೆಯಿಲ್ಲದೆ ಹೇಳಿದರು: ಮೊದಲೇ ರಾಗ, ದ್ವೇಷ, ಮೋಹಗಳಲ್ಲಿ ಸಿಕ್ಕಿಕೊಂಡ ಜನರಲ್ಲಿ ಅವುಗಳನ್ನೇ ಇನ್ನಷ್ಟು ಹೆಚ್ಚಿಸುವವನು, ತಾನೂ ಅವುಗಳಲ್ಲೇ ಮುಳುಗಿದವನು, ಸ್ವರ್ಗಕ್ಕೆ ಹೋಗುವುದಿಲ್ಲ. ಹೋಗುತ್ತಾನೆಂದು ನಂಬುವುದು ತಪ್ಪು ತಿಳಿವಳಿಕೆ.

ತಾಲಪುಟ ಅತ್ತುಬಿಟ್ಟ. ಇದಕ್ಕೇ ಬೇಡ ಎಂದಿದ್ದೆ ಎಂದರು ಬುದ್ಧರು. ಆಗ ಅವನು ಹೇಳಿದ್ದು ಗಮನಿಸಬೇಕಾದ ಮಾತು: ತಾವು ಹೇಳಿದ್ದಕ್ಕೆ ಅಳುತ್ತಿಲ್ಲ, ಇಷ್ಟು ಕಾಲ ನಮ್ಮವರೇ ನನಗೆ ಸುಳ್ಳು ನಂಬಿಸಿದರಲ್ಲ ಎಂದು ಅಳುತ್ತಿದ್ದೇನೆ. ಆ ನಟ ಸಂಘ ಸೇರಿದ, ಅರಹಂತನಾದ. ಅವನ ಹೆಸರಿನ ಗಾಥೆಗಳು ಥೇರಗಾಥಾದಲ್ಲಿ ಇವತ್ತಿಗೂ ಇವೆ.

ಸ್ವರ್ಗ ನರಕದ ಮಾತು ಪಕ್ಕಕ್ಕಿಡಿ. ಈ ಪ್ರಸಂಗದಲ್ಲಿ ನಮಗೆ ಸಿಗುವುದು ಒಂದು ಅಳತೆಗೋಲು. ಕಲೆ ನೋಡುವವರಲ್ಲಿ ಏನನ್ನು ಹೆಚ್ಚಿಸಿತು? ಇದನ್ನು ನಟರಿಗೆ ಮಾತ್ರ ಹಿಡಿದರೆ ಸಾಲದು, ಅವರನ್ನು ನೆನೆಯುವ ನಮಗೂ ಹಿಡಿಯಬೇಕು. ನಮ್ಮ ಶೋಕ ನಮ್ಮಲ್ಲಿ ಏನನ್ನು ಹೆಚ್ಚಿಸುತ್ತಿದೆ?

2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ತೀರಿಕೊಂಡರು. ಬೆಂಗಳೂರಿನಲ್ಲಿ ಶೋಕ ಕಲ್ಲಾಯಿತು, ಬೆಂಕಿಯಾಯಿತು. ಗಲಭೆಯಲ್ಲಿ ಒಬ್ಬ ಪೊಲೀಸ್ ಪೇದೆ ಸೇರಿ ಹಲವರು ಪ್ರಾಣ ಕಳೆದುಕೊಂಡರು. ಅದೇ ರಾಜ್‌ಕುಮಾರ್ ತಮ್ಮ ಕಣ್ಣುಗಳನ್ನು ದಾನ ಮಾಡಿ ಹೋಗಿದ್ದರು. ಒಂದು ಕಡೆ ಅವರ ಹೆಸರಿನಲ್ಲಿ ಬಸ್ಸಿನ ಗಾಜು ಒಡೆಯುತ್ತಿದ್ದಾಗ, ಇನ್ನೊಂದು ಕಡೆ ಅವರ ಕಣ್ಣುಗಳು ಬೇರೆಯವರಿಗೆ ಬೆಳಕು ಕೊಡಲು ಹೊರಟಿದ್ದವು.

ಹದಿನೈದು ವರ್ಷದ ಮೇಲೆ ಅವರ ಕಿರಿಯ ಮಗ ಪುನೀತ್ ಹೋದಾಗ ಗಲಭೆ ಆಗಲಿಲ್ಲ. ಆದರೆ ಕೆಲವು ಅಭಿಮಾನಿಗಳು ದುಃಖ ತಾಳಲಾರದೆ ತಮ್ಮ ಜೀವವನ್ನೇ ಕಳೆದುಕೊಂಡರು. ಆ ಹುಡುಗರ ತಾಯಂದಿರನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಪುನೀತರೂ ಕಣ್ಣು ಕೊಟ್ಟಿದ್ದರು. ಕಣ್ಣುಗುಡ್ಡೆಯ ಮುಂದಿರುವ ಗಾಜಿನಂಥ ಪದರಕ್ಕೆ ಕಾರ್ನಿಯಾ ಎನ್ನುತ್ತಾರೆ. ವೈದ್ಯರು ಪ್ರತಿ ಕಾರ್ನಿಯಾವನ್ನೂ ಮುಂಪದರ, ಹಿಂಪದರ ಎಂದು ಎರಡು ಮಾಡಿ, ಯಾರಿಗೆ ಯಾವ ಪದರ ಕೆಟ್ಟಿತ್ತೋ ಅವರಿಗೆ ಅದನ್ನು ಜೋಡಿಸಿದರು. ಎರಡು ಕಣ್ಣಿನಿಂದ ನಾಲ್ಕು ಜನರಿಗೆ ದೃಷ್ಟಿ. ಅದನ್ನು ಕೇಳಿ ಸಾವಿರಾರು ಜನ ನೇತ್ರದಾನಕ್ಕೆ ಹೆಸರು ಬರೆಸಿದರು.

ಒಂದೇ ಸಾವು, ಎರಡು ಬಗೆಯ ಶೋಕ. ಒಂದು ಇನ್ನೊಂದು ಜೀವವನ್ನು ತೆಗೆಯಿತು, ಇನ್ನೊಂದು ಕಣ್ಣು ಕೊಟ್ಟಿತು. ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಭಕ್ತಿ ಮತ್ತು ವ್ಯಕ್ತಿಪೂಜೆಯ ಬಗ್ಗೆ ಎಚ್ಚರಿಸಿದ್ದು ರಾಜಕಾರಣವನ್ನು ಕುರಿತು. ಆದರೆ ಪೂಜೆ ಎಲ್ಲಿದ್ದರೂ ಪೂಜೆಯೇ. ಅದು ಮನುಷ್ಯನನ್ನು ದೇವರು ಮಾಡುತ್ತದೆ, ಅವನು ಮಾಡಿದ ಒಳ್ಳೆಯ ಕೆಲಸವನ್ನು ನಾವೂ ಮಾಡಬಹುದು ಎಂಬುದನ್ನು ಮರೆಸುತ್ತದೆ.

ಪುನೀತ್ ಹೋದಾಗ ಅವ್ವ ಮೂರು ದಿನ ಟಿವಿ ಮುಂದಿನಿಂದ ಏಳಲಿಲ್ಲ. ಮೂರನೇ ದಿನ ಸೆರಗಿನಿಂದ ಮುಖ ಒರೆಸಿಕೊಂಡು, “ಮಗ, ನನ್ನ ಕಣ್ಣನ್ನೂ ಕೊಟ್ಟುಬುಡು. ಓದಕ್ಕಂತೂ ಅವು ಉಪಯೋಗ ಆಗ್ಲಿಲ್ಲ, ಯಾರಾದ್ರೂ ಓದ್ಲಿ” ಎಂದಳು. ಅವಳನ್ನು ಯಾರೂ ಶಾಲೆಗೆ ಕಳಿಸಿರಲಿಲ್ಲ. ನಾನು ಫಾರಂ ತಂದೆ, ಹೆಬ್ಬೆಟ್ಟು ಒತ್ತಿದಳು. ಅದನ್ನು ಬಾಬಾಸಾಹೇಬರ ಫೋಟೋ ಹಿಂದೆ ಇಟ್ಟಳು.

ಒಂದೂವರೆ ವರ್ಷದ ಮೇಲೆ ಒಂದು ಬೆಳಗಿನ ಜಾವ ನಾಲ್ಕು ಗಂಟೆಗೆ ಅವ್ವ ಹೋದಳು. ಕಣ್ಣು ತೆಗೆದುಕೊಳ್ಳಲು ಸತ್ತ ಮೇಲೆ ಆರು ಗಂಟೆಯೊಳಗೆ ಬರಬೇಕು. ಅಂದರೆ ಹತ್ತು ಗಂಟೆ. ನಾನು ಫಾರಂ ಕೈಯಲ್ಲಿ ಹಿಡಿದೆ. ದೊಡ್ಡಪ್ಪ, “ಕಣ್ಣಿಲ್ಲದೆ ಕಳಿಸಿದ್ರೆ ಮುಂದಿನ ಜನ್ಮದಲ್ಲಿ ಕುರುಡಿ ಆಗಿ ಹುಟ್ತಾಳೆ ಕಣೋ” ಎಂದರು. ಅವರೂ ದೀಕ್ಷೆ ತೆಗೆದುಕೊಂಡವರೇ. ನಮ್ಮ ಸೋದರಮಾವ ಹೇಳಿದ್ದು ಬೇರೆ. “ನನ್ನಕ್ಕನ ನೆರಳು ಬಿದ್ರೆ ಬೈತಿದ್ದೋರು. ಬಾವಿ ಹತ್ರ ಬಿಡದೆ ಇದ್ದೋರು. ಈಗ ಅವಳ ಕಣ್ಣು ಬೇಕಾ ಅವರಿಗೆ?”

ಬಂಧುಗಳೇ, ಪ್ರತಿ ಭಾನುವಾರ ನಿಮ್ಮ ಮುಂದೆ ಕೂತು ಧಮ್ಮ ಹೇಳುವ ನಾನು ಅವತ್ತು ಬಾಯಿ ಬಿಡಲಿಲ್ಲ. ದೊಡ್ಡಪ್ಪನಿಗೆ ಉತ್ತರ ಗೊತ್ತಿತ್ತು, ಹೇಳುವ ಧೈರ್ಯ ಇರಲಿಲ್ಲ. ಮಾವನಿಗೆ ಉತ್ತರವೇ ಹೊಳೆಯಲಿಲ್ಲ. ಗೋಡೆಯ ಗಡಿಯಾರದಲ್ಲಿ ಹತ್ತಾಯಿತು. ಫಾರಂ ಮಡಚಿ ಜೇಬಿಗೆ ಹಾಕಿಕೊಂಡೆ.

ಸರೋಜಾದೇವಿಯವರ ಕಣ್ಣುಗಳನ್ನು ಅವರ ಇಚ್ಛೆಯಂತೆ ದಾನ ಮಾಡಿದರು ಎಂಬ ಸುದ್ದಿ ಓದಿದಾಗ ನನಗೆ ನೆನಪಾದದ್ದು ಆ ಗಡಿಯಾರ. ಅವ್ವ ಮರಳಿನ ಮೇಲೆ ಕೂತು ನೋಡಿದ ಚೆನ್ನಮ್ಮ ಕೊಟ್ಟ ಮಾತು ನಡೆಯಿತು. ಅವ್ವ ಕೊಟ್ಟ ಮಾತನ್ನು ನಾನು ಮುರಿದೆ. ಆ ದಿನ ಸ್ಟೇಟಸ್ಸಿಗೆ ಫೋಟೋ ಹಾಕಲು ನನಗೆ ಮುಖವಿರಲಿಲ್ಲ.

ದೊಡ್ಡಪ್ಪನಿಗೆ ಅಂದು ಹೇಳಬೇಕಾಗಿದ್ದನ್ನು ಇಂದು ಹೇಳುತ್ತೇನೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ ಎಂಬುದೂ ಒಂದು. ಯಾಕೆ? ತಿನ್ನಲು ಬರುವ ಆತ್ಮ ಇಲ್ಲ, ಅದಕ್ಕೆ. ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಅವರು ತಿಳಿಸುವಂತೆ, ದೇಹ ಬಿದ್ದಾಗ ಅದರ ಧಾತುಗಳು ಜಗತ್ತಿನ ಧಾತುಗಳ ಜೊತೆ ಸೇರುತ್ತವೆ. ಅದೇ ಮನುಷ್ಯ, ಅದೇ ಆತ್ಮ ಹೊತ್ತು ಇನ್ನೊಂದು ಮನೆಗೆ ಹೋಗುವುದಿಲ್ಲ. ಹೋಗುವ ಆತ್ಮವೇ ಇಲ್ಲದ ಮೇಲೆ ಕುರುಡಾಗಿ ಹುಟ್ಟುವವರು ಯಾರು? ಪಿಂಡ ಬಿಟ್ಟೆವು, ಪಿಂಡದ ಹಿಂದಿನ ಭಯ ಬಿಡಲಿಲ್ಲ. ತಾಲಪುಟ ಅತ್ತದ್ದೂ ಇದಕ್ಕೇ: ತಲೆತಲಾಂತರದಿಂದ ನಂಬಿಸಿದ್ದು ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಹಾಗಾದರೆ ಸತ್ತವರದು ಏನೂ ಉಳಿಯುವುದಿಲ್ಲವೇ? ಉಳಿಯುತ್ತದೆ. ‘ಮಜಾ ಟಾಕೀಸ್’ನಲ್ಲಿ ಅಪರ್ಣಾ ಅವರ ವರಲಕ್ಷ್ಮಿ ಪಾತ್ರ ಬಂದರೆ ಅವ್ವ ಊಟದ ತಟ್ಟೆ ಕೆಳಗಿಟ್ಟು ನಗುತ್ತಿದ್ದಳು. ನಮ್ಮ ಮೆಟ್ರೊದಲ್ಲಿ ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ಕನ್ನಡದಲ್ಲಿ ಹೇಳಿದ ಧ್ವನಿಯೂ ಅವರದೇ. ಅವರು ತೀರಿಕೊಂಡ ಮಾರನೇ ದಿನವೂ ನಾನು ಅದನ್ನು ಕೇಳಿದೆ. ಬೋಗಿಯಲ್ಲಿ ಕೆಲವರು ತಲೆ ಎತ್ತಿದರು, ಒಬ್ಬಾಕೆ ಕಣ್ಣೊರೆಸಿಕೊಂಡಳು. ವ್ಯಕ್ತಿ ಇಲ್ಲ, ಆದರೆ ಆಕೆ ಮಾಡಿದ ಕೆಲಸ ದಾರಿ ಗೊತ್ತಿಲ್ಲದವರನ್ನು ಇಳಿಯುವ ಕಡೆ ಇಳಿಸುತ್ತಿತ್ತು. ಕಮ್ಮ ಉಳಿಯುತ್ತದೆ ಎಂದರೆ ನನಗೆ ಅರ್ಥವಾಗುವುದು ಇಷ್ಟೇ.

ಮಾವನ ಮಾತಿಗೆ ಉತ್ತರ ಹುಡುಕಲು ಎರಡು ವರ್ಷ ಬೇಕಾಯಿತು. ಅವರ ಸಿಟ್ಟು ಸುಳ್ಳಲ್ಲ, ಅದನ್ನು ಯಾರೂ ಅಲ್ಲಗಳೆಯಬಾರದು. ಸರೋಜಾದೇವಿಯವರು ಹೋದ ಮೇಲಿನ ಭಾನುವಾರ ಅವರ ಮನೆಗೆ ಹೋದೆ. ಕಣ್ಣು ಯಾರಿಗೆ ಬೇಕಾಗುತ್ತದೆ ಎಂದು ತಿಳಿದದ್ದನ್ನು ಹೇಳಿದೆ: ಗದ್ದೆಯಲ್ಲಿ ಭತ್ತದ ಹೊಟ್ಟು ಹಾರಿ, ಕಬ್ಬಿನ ಗರಿ ಬಡಿದು, ಕಣ್ಣು ಹುಣ್ಣಾಗಿ, ಹೊತ್ತಿಗೆ ಔಷಧ ಸಿಗದೆ ಕಾರ್ನಿಯಾ ಬೆಳ್ಳಗಾದವರಲ್ಲಿ ನಮ್ಮ ಕೇರಿಯ ಕೂಲಿಯವರೂ ಇದ್ದಾರೆ. ಕಾರ್ನಿಯಾ ಜೋಡಿಸಲು ಸಾಮಾನ್ಯವಾಗಿ ರಕ್ತದ ಗುಂಪನ್ನೂ ಕೇಳುವುದಿಲ್ಲ, ಇನ್ನು ಜಾತಿ ಎಲ್ಲಿ ಬಂತು? ಕೊಟ್ಟವರು ಯಾರೆಂದು ಪಡೆದವರಿಗೆ ಹೇಳುವುದಿಲ್ಲ.

ಮಾವ ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, “ಹೇಳಲ್ವಾ?” ಎಂದರು.

“ಇಲ್ಲ ಮಾವ.”

“ಹಂಗಾದ್ರೆ ನಮ್ಮ ಲೋಟ ಮುಟ್ಟದೆ ಇದ್ದೋನು ನಮ್ಮ ಕಣ್ಣಲ್ಲೇ ನೋಡ್ಕೊಂಡು ತಿರುಗಬೋದು, ಅವನಿಗೇ ಗೊತ್ತಿಲ್ದಂಗೆ.” ಒಂದು ಸಲ ನಕ್ಕರು. “ಫಾರಂ ಅಲ್ಲಿಟ್ಟು ಹೋಗು.”

ಇನ್ನೂ ಸಹಿ ಹಾಕಿಲ್ಲ. ಹರಿದೂ ಹಾಕಿಲ್ಲ. ಟಿವಿ ಪಕ್ಕದಲ್ಲೇ ಇದೆ.

ಅಳಬೇಡಿ ಎಂದು ನಾನು ಹೇಳುವುದಿಲ್ಲ. ಬುದ್ಧರ ಕೊನೆಯ ದಿನ ಆನಂದರು ಬಾಗಿಲ ಚೌಕಟ್ಟಿಗೆ ಒರಗಿ ಅತ್ತರು. ಬುದ್ಧರು ಅವರನ್ನು ಗದರಲಿಲ್ಲ, ಹತ್ತಿರ ಕರೆದು ಸಮಾಧಾನ ಹೇಳಿದರು. ಮುಂದಿನ ಸಲ ನಮಗೆ ಬೇಕಾದ ಕಲಾವಿದರು ಹೋದಾಗ ಅಳೋಣ, ಅವರ ಹಾಡನ್ನೂ ಕೇಳೋಣ. ಸ್ಟೇಟಸ್ ಹಾಕುವ ಮೊದಲು ಎರಡು ನಿಮಿಷ ಕೂತು, ಇವರು ಹೋದಂತೆ ನಾನೂ ಹೋಗುತ್ತೇನೆ, ಅದಕ್ಕೆ ಮುಂಚೆ ಏನು ಕೊಡಬಲ್ಲೆ ಎಂದು ಕೇಳಿಕೊಳ್ಳೋಣ. ಮರಣಾನುಸ್ಸತಿ ಎಂದರೆ ಅದೇ.

ಇವತ್ತು ಮಾಡಬೇಕಾದದ್ದು ಒಂದೇ ಕೆಲಸ. ರಾತ್ರಿ ಊಟಕ್ಕೆ ಕೂತಾಗ ಮನೆಯವರ ಮುಂದೆ ನೇತ್ರದಾನದ ಮಾತು ತೆಗೆಯಿರಿ. ಫಾರಂ ತುಂಬಿದರೆ ಮುಗಿಯಲಿಲ್ಲ, ಆ ಹೊತ್ತಿನಲ್ಲಿ ಮನೆಯವರು ಒಪ್ಪಿದರೆ ಮಾತ್ರ ಅದು ನಡೆಯುತ್ತದೆ. ನನ್ನ ಮನೆಯೇ ಅದಕ್ಕೆ ಸಾಕ್ಷಿ. ಕನ್ನಡಕ ಹಾಕುವವರು, ಪೊರೆಯ ಆಪರೇಷನ್ ಆದವರು, ಸಕ್ಕರೆ ಕಾಯಿಲೆ, ಬಿಪಿ ಇರುವವರೂ ಕೊಡಬಹುದು. ರೇಬಿಸ್, ಎಚ್‌ಐವಿ, ಹೆಪಟೈಟಿಸ್‌ನಂಥ ಸೋಂಕು ಇದ್ದರೆ ತೆಗೆದುಕೊಳ್ಳುವುದಿಲ್ಲ. ಸಾವಾದ ಕೂಡಲೇ ಹತ್ತಿರದ ನೇತ್ರ ಬ್ಯಾಂಕಿಗೆ ಫೋನ್ ಮಾಡಿ. ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ. ತಲೆಯ ಕೆಳಗೆ ದಿಂಬು ಕೊಡಿ, ಫ್ಯಾನ್ ಆರಿಸಿ. ಅವರು ಮನೆಗೇ ಬಂದು ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ, ಮುಖ ವಿಕಾರವಾಗುವುದಿಲ್ಲ.

ಅವ್ವನ ಫಾರಂ ಇನ್ನೂ ಬಾಬಾಸಾಹೇಬರ ಫೋಟೋ ಹಿಂದೆಯೇ ಇದೆ. ಅದರ ಜೊತೆಗೆ ಈಗ ನನ್ನದೂ, ನನ್ನ ಹೆಂಡತಿಯದೂ ಇದೆ. ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದೇನೆ: ಗಡಿಯಾರ ನೋಡುತ್ತಾ ನಿಲ್ಲಬೇಡಿ.

ನಮೋ ಬುದ್ಧಾಯ 🙏 ಜೈ ಭೀಮ್ 💙