ಕುಳೆ ಬಿಡೋದಾ, ಕಿತ್ತು ಹಚ್ಚೋದಾ?

ಸೋಲುತ್ತಿರುವ ತಂಡದ ಅಭಿಮಾನಿಗಳು ಒಂದಲ್ಲ ಒಂದು ದಿನ ಎರಡು ಪಂಗಡ ಆಗೇ ಆಗ್ತಾರೆ. "ಇವರನ್ನೆಲ್ಲ ತೆಗೀರಿ, ಹೊಸ ಹುಡುಗರನ್ನ ತಗೊಳ್ರಿ, ಎರಡು ವರ್ಷ ಸೋತರೂ ಚಿಂತಿಲ್ಲ" ಅನ್ನೋದು ಒಂದು ಪಂಗಡ. "ಇರೋರನ್ನ ನಂಬ್ರಿ, ಇನ್ನೊಂದು ಅವಕಾಶ ಕೊಡ್ರಿ" ಅನ್ನೋದು ಇನ್ನೊಂದು. ಆರ್‌ಸಿಬಿ ವಿಷಯದಲ್ಲಿ ನಾವು 2008ರಿಂದ 2025ರ ಜೂನ್ 3ರ ರಾತ್ರಿವರೆಗೆ, ಹದಿನೆಂಟು ಸೀಸನ್, ಇದೇ ವಾದ ಮಾಡಿದ್ದೇವೆ. ಆದರೆ ಐಪಿಎಲ್‌ನಲ್ಲಿ ಹರಾಜು ಇದೆ. ದುಡ್ಡಿದ್ದರೆ ಬೌಲರ್‌ನನ್ನು ಕೊಂಡು ತರಬಹುದು. ದೇಶದ ತಂಡಕ್ಕೆ ಯಾರನ್ನೂ ಕೊಳ್ಳೋಕಾಗಲ್ಲ, ಬೆಳೆಸಬೇಕು. ಅದಕ್ಕೇ ಈ ವಾದದ ಅಸಲಿ ರೂಪ ನೋಡಬೇಕಂದ್ರೆ ಕ್ರಿಕೆಟ್ ಬಿಟ್ಟು ಭಾರತದ ಹಾಕಿ ತಂಡದ ಕಡೆ ನೋಡಬೇಕು.

ಬೆಳೆಸೋ ಮಾತು ಬಂತಲ್ಲ, ಹಾಗಾಗಿ ಹಾಕಿಗಿಂತ ಮೊದಲು ಕಬ್ಬಿನ ಬಗ್ಗೆ ಸ್ವಲ್ಪ ಹೇಳ್ತೀನಿ. ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಘಟಪ್ರಭಾ ನೀರು ಹರಿಯೋ ಊರುಗಳಲ್ಲಿ ಈ "ಕಿತ್ತು ಕಟ್ಟೋದಾ, ಹಂಗೇ ಬಿಡೋದಾ" ಅನ್ನೋ ಚರ್ಚೆ ವರ್ಷಾ ವರ್ಷಾ ನಡೆಯುತ್ತೆ. ಕಬ್ಬು ಕಡಿದ ಮೇಲೆ ಬುಡ ನೆಲದಲ್ಲೇ ಉಳಿದಿರುತ್ತೆ. ನೀರು ಬಿಟ್ಟರೆ ಅದೇ ಬುಡದಿಂದ ಮತ್ತೆ ಚಿಗುರುತ್ತೆ. ಅದು ಕುಳೆ. ಮಂಡ್ಯದ ಗೆಳೆಯರು ಕೂಳೆ ಅಂತಾರೆ. ಕುಳೆ ಬಿಟ್ಟರೆ ಬೀಜದ ಕಬ್ಬಿನ ಖರ್ಚಿಲ್ಲ, ಉಳುಮೆ ಖರ್ಚಿಲ್ಲ, ಬೆಳೆಯೂ ಬೇಗ ಕೈಗೆ ಬರುತ್ತೆ. ಆದರೆ ಪ್ರತಿ ಕುಳೆಗೂ ಇಳುವರಿ ಇಳೀತಾ ಹೋಗುತ್ತೆ. ಒಂದು ಹಂತದಲ್ಲಿ ಬುಡ ಕಿತ್ತು, ನೆಲ ಉಳುಮೆ ಮಾಡಿ, ಹೊಸ ಕಬ್ಬು ಹಚ್ಚಲೇಬೇಕು. "ಇನ್ನೊಂದ ವರ್ಷ ಕುಳಿ ಇರ್ಲಿ ಬಿಡೋ" ಅಂತ ಅಪ್ಪ, "ಸಾಕಪ್ಪ, ತಗದ ಹೊಸಾದ ಹಚ್ಚೂಣು" ಅಂತ ಮಗ. ಸಾಮಾನ್ಯವಾಗಿ ಹೀಗೆ. ಕೆಲವು ಮನೇಲಿ ಉಲ್ಟಾ.

ಇಬ್ಬರೂ ದಡ್ಡರಲ್ಲ ಅನ್ನೋದನ್ನ ಗಮನಿಸಿ. ಇಬ್ಬರ ಲೆಕ್ಕವೂ ಸರಿ, ಅವರು ಲೆಕ್ಕಕ್ಕೆ ಹಿಡಿದ ಅವಧಿ ಬೇರೆ ಅಷ್ಟೇ. ಇನ್ನೂ ಸೂಕ್ಷ್ಮ ನೋಡಬೇಕಂದ್ರೆ ಲಾವಣಿಗೆ ಹೊಲ ಮಾಡುವವನನ್ನ ಕೇಳಿ. ಮುಂದಿನ ವರ್ಷ ಹೊಲ ಬಿಡಬೇಕಾದವನು ಕುಳೆ ಕೀಳೋದಿಲ್ಲ. ಯಾಕೆ ಕೀಳಬೇಕು? ಹೊಸ ಕಬ್ಬಿನ ಖರ್ಚು ಅವನದ್ದು, ಅದರ ಕುಳೆಯ ಲಾಭ ಇನ್ನೊಬ್ಬನದ್ದು.

ನನ್ನ ಪ್ರಕಾರ ತಂಡ ಕಿತ್ತು ಕಟ್ಟೋ ಚರ್ಚೆಯ ನೈತಿಕ ಪ್ರಶ್ನೆ ಇರೋದು ಇಲ್ಲೇ. ಕಿತ್ತು ಕಟ್ಟಬೇಕಾ ಬೇಡ್ವಾ ಅನ್ನೋದು ಲೆಕ್ಕದ ಪ್ರಶ್ನೆ. ಖರ್ಚು ಯಾರದ್ದು, ಫಸಲು ಯಾರದ್ದು ಅನ್ನೋದು ಧರ್ಮದ ಪ್ರಶ್ನೆ. ನಾವು ಮೊದಲನೇದನ್ನ ರಾತ್ರಿ ಎರಡು ಗಂಟೆವರೆಗೆ ಚರ್ಚೆ ಮಾಡ್ತೀವಿ. ಎರಡನೇದನ್ನ ಕೇಳೋದೇ ಇಲ್ಲ.

ಈಗ ಹಾಕಿಗೆ ಬರೋಣ. ನಮ್ಮ ಹಳ್ಳಿಗಳದ್ದು ಕುಸ್ತಿ, ಕಬಡ್ಡಿ ಸೀಮೆ. ಹಾಕಿ ಸ್ಟಿಕ್ ಹಿಡಿದವರು ಕಮ್ಮಿ. ಆದರೆ ಜಿಲ್ಲೆಗೆ ಹಾಕಿ ಹೊಸದಲ್ಲ. 1964ರಲ್ಲಿ ಟೋಕಿಯೊದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿದ್ದ ಬಂಡು ಪಾಟೀಲ್ ಬೆಳಗಾವಿಯವರು. ಆ ಕಾಲದ ಹೊಲ ಹೇಗಿತ್ತಂದ್ರೆ, 1928ರಿಂದ 1964ರೊಳಗೆ ನಡೆದ ಒಲಿಂಪಿಕ್ಸ್‌ಗಳಲ್ಲಿ ಭಾರತಕ್ಕೆ ಏಳು ಚಿನ್ನ. ತಪ್ಪಿದ್ದು ಒಂದೇ, 1960ರ ರೋಮ್. ಅಲ್ಲೂ ಫೈನಲ್‌ನಲ್ಲಿ ಪಾಕಿಸ್ತಾನದ ಎದುರು ಒಂದೇ ಗೋಲಿನ ಸೋಲು.

ಆಮೇಲೆ ನೆಲ ಬದಲಾಯ್ತು, ಅಕ್ಷರಶಃ. 1976ರ ಮಾಂಟ್ರಿಯಲ್‌ನಲ್ಲಿ ಮೊದಲ ಬಾರಿಗೆ ಒಲಿಂಪಿಕ್ ಹಾಕಿ ಕೃತಕ ಹಾಸಿನ ಮೇಲೆ ನಡೆಯಿತು. ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆದ್ದಿದ್ದ ಭಾರತ ಏಳನೇ ಸ್ಥಾನಕ್ಕೆ ಕುಸಿಯಿತು. ಬುಡ ಕಿತ್ತು ಹೊಸ ಆಟ ಹಚ್ಚಬೇಕು ಅಂತ ಅವತ್ತೇ ಗೊತ್ತಾಗಬೇಕಿತ್ತು. ಆದರೆ 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಬಂತು. ಹಲವು ಬಲಿಷ್ಠ ತಂಡಗಳು ಬಹಿಷ್ಕಾರದಿಂದಾಗಿ ಅಲ್ಲಿಗೆ ಬಂದೇ ಇರಲಿಲ್ಲ. ಕುಳೆ ಇನ್ನೂ ಫಲ ಕೊಡುತ್ತೆ ಅಂತ ಎಲ್ಲರೂ ನೆಮ್ಮದಿ ಆದರು. ಮುಂದಿನ ನಾಲ್ಕು ಒಲಿಂಪಿಕ್ಸ್‌ನ ಸ್ಥಾನ ನೋಡಿ: 1984ರಲ್ಲಿ ಐದು, 1988ರಲ್ಲಿ ಆರು, 1992ರಲ್ಲಿ ಏಳು, 1996ರಲ್ಲಿ ಎಂಟು. ಕುಳೆ ಇಳುವರಿ ಇಳಿಯೋದನ್ನ ಯಾರಾದ್ರೂ ಪಟ್ಟಿ ಬರೆದಿಟ್ಟ ಹಾಗಿದೆ. ಕೊನೆಗೆ 2008ರ ಮಾರ್ಚ್‌ನಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ ಬ್ರಿಟನ್ ಎದುರು 0-2ರಿಂದ ಸೋತಾಗ ಬೀಜಿಂಗ್‌ಗೆ ಹೋಗೋ ಅರ್ಹತೆಯೇ ತಪ್ಪಿತು. 1928ರ ನಂತರ ಅದೇ ಮೊದಲು.

"ನೋಡಿದ್ರಾ, ಕಿತ್ತು ಕಟ್ಟಬೇಕಿತ್ತು" ಅಂತ ನೀವು ಹೇಳಬಹುದು. ಸ್ವಲ್ಪ ತಡೀರಿ. ಈ ಇಳಿಜಾರಿನ ನಡುವೆ 1998ರ ಬ್ಯಾಂಕಾಕ್ ಇದೆ. ಧನರಾಜ್ ಪಿಳ್ಳೈ ನಾಯಕತ್ವದ ತಂಡ 32 ವರ್ಷದ ನಂತರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದಿತು. ಫೈನಲ್‌ನ ಟೈಬ್ರೇಕರ್‌ನಲ್ಲಿ ಗೋಲ್‌ಕೀಪರ್ ಆಶಿಶ್ ಬಲ್ಲಾಳ್ ಗೋಡೆ ಹಾಗೆ ನಿಂತರು. ಅದಾದ ಮೇಲೆ ಮುಂದಿನ ಸರಣಿಗೆ ಧನರಾಜ್, ಬಲ್ಲಾಳ್ ಸೇರಿ ಹಿರಿಯರನ್ನೇ ಕೈಬಿಟ್ಟರು. ವಿಶ್ರಾಂತಿ ಕೊಟ್ಟಿದ್ದೇವೆ ಅನ್ನೋ ವಿವರಣೆ ಬಂತು. ಭತ್ಯೆ, ಸೌಲಭ್ಯದ ಬಗ್ಗೆ ಬಾಯಿ ಬಿಟ್ಟಿದ್ದಕ್ಕೆ ಈ ಶಿಕ್ಷೆ ಅನ್ನೋ ಮಾತು ಆಗಲೇ ಎದ್ದಿತ್ತು. ಹೊಸ ರಕ್ತ, ಹೊಸ ತಂಡ ಅನ್ನೋ ಮಾತು ಎಷ್ಟು ಸಲೀಸಾಗಿ ಬೇಡದವರನ್ನ ಹೊರಹಾಕೋ ಬಾಗಿಲಾಗುತ್ತೆ ನೋಡಿ. ಚೆನ್ನಾಗಿ ಬಂದ ಬೆಳೆಯನ್ನೇ ಕಿತ್ತಿದ್ದರು.

ಆಫೀಸಿನಲ್ಲಿ ಕೆಲಸ ಮಾಡೋ ನಮಗೆ ಇದು ಗೊತ್ತಿಲ್ಲದ್ದೇನಲ್ಲ. "ರೀಸ್ಟ್ರಕ್ಚರಿಂಗ್" ಅನ್ನೋ ಹೆಸರಿನ ಇಮೇಲ್ ಬೆಳಿಗ್ಗೆ ಬರುತ್ತೆ. ಹಳೇ ಕೋಡ್ ಪೂರ್ತಿ ಬಿಸಾಕಿ ಮೊದಲಿನಿಂದ ಬರೆಯೋಣ ಅನ್ನೋ ಉತ್ಸಾಹಿ ಪ್ರತಿ ಟೀಮಿನಲ್ಲೂ ಒಬ್ಬ ಇರ್ತಾನೆ. ಕೆಲವೊಮ್ಮೆ ಅವನು ಹೇಳೋದು ಸರಿ. ಆದರೆ ಆ ಹಳೇ ಕೋಡ್‌ನಲ್ಲಿರೋ ಪ್ರತಿಯೊಂದು ವಿಚಿತ್ರ ಸಾಲಿನ ಹಿಂದೆ ಯಾರೋ ಒಬ್ಬರು ರಾತ್ರಿ ನಿದ್ದೆಗೆಟ್ಟು ಹುಡುಕಿದ ಬಗ್ ಇರುತ್ತೆ. ಸಾಲು ಅಳಿಸಿದ್ರೆ ಆ ಬುದ್ಧಿಯೂ ಅಳಿಸಿಹೋಗುತ್ತೆ.

2008ರ ನಂತರ ಕೀಳೋ ಕೆಲಸ ಜೋರಾಯ್ತು, ಅದರಲ್ಲೂ ಕೋಚ್‌ಗಳನ್ನ. 2011ರಲ್ಲಿ ಮೈಕಲ್ ನಾಬ್ಸ್ ಬಂದರು. ಆಮೇಲೆ ಟೆರಿ ವಾಲ್ಶ್, ಪಾಲ್ ವಾನ್ ಆಸ್, ರೋಲಂಟ್ ಓಲ್ಟ್‌ಮನ್ಸ್, ಶೋರ್ಡ್ ಮರೈನ್, ಹರೇಂದ್ರ ಸಿಂಗ್, ಕೊನೆಗೆ 2019ರಲ್ಲಿ ಗ್ರಹಾಂ ರೀಡ್. ಎಂಟು ವರ್ಷದಲ್ಲಿ ಏಳು ಜನ. ಪ್ರತಿಯೊಬ್ಬರೂ ಬಂದಾಗ ಹೊಸ ಆರಂಭ ಅಂತಲೇ ಸುದ್ದಿ. ಒಂದೇ ವರ್ಷದ ಲಾವಣಿಗೆ ಹೊಲ ಕೊಟ್ಟು, ಹತ್ತು ವರ್ಷದ ಬೆಳೆ ಕೇಳಿದ ಹಾಗೆ ಇತ್ತು.

ಈ ನಡುವೆ 2012ರ ಲಂಡನ್‌ನಲ್ಲಿ ಭಾರತ ಆಡಿದ ಎಲ್ಲಾ ಪಂದ್ಯ ಸೋತು ಹನ್ನೆರಡನೇ ಸ್ಥಾನ, ಅಂದರೆ ಕಟ್ಟಕಡೆಗೆ ಬಂತು. ಅವತ್ತು ಟಿವಿ ಮುಂದೆ ಕೂತ ಯಾರನ್ನೇ ಕೇಳಿದ್ರೂ "ಇಡೀ ತಂಡ ಮನೆಗೆ ಕಳಿಸ್ರಿ" ಅನ್ನುತ್ತಿದ್ದರು. ಕಳಿಸಿದ್ದರೆ ಏನಾಗ್ತಿತ್ತು? ಆ ತಂಡದಲ್ಲಿ ಶ್ರೀಜೇಶ್ ಇದ್ದರು, ಮನ್‌ಪ್ರೀತ್ ಸಿಂಗ್ ಇದ್ದರು, ಬೀರೇಂದ್ರ ಲಾಕ್ರಾ ಇದ್ದರು. ಒಂಬತ್ತು ವರ್ಷದ ನಂತರ ಟೋಕಿಯೊದಲ್ಲಿ, 2021ರ ಆಗಸ್ಟ್ 5ರಂದು, 1-3ರ ಹಿನ್ನಡೆಯಿಂದ ಎದ್ದು ಜರ್ಮನಿಯನ್ನ 5-4ರಿಂದ ಸೋಲಿಸಿ 41 ವರ್ಷದ ಬರ ಮುರಿದ ತಂಡದಲ್ಲೂ ಈ ಮೂವರು ಇದ್ದರು. ಕೊನೇ ಕ್ಷಣದ ಪೆನಾಲ್ಟಿ ಕಾರ್ನರ್ ತಡೆದದ್ದು ಅದೇ ಶ್ರೀಜೇಶ್. ಅದೇ ಟೋಕಿಯೊದಲ್ಲಿ ಹನ್ನೊಂದು ದಿನ ಮೊದಲು ಆಸ್ಟ್ರೇಲಿಯಾ ಎದುರು 1-7ರ ಸೋಲಾಗಿತ್ತು ಅನ್ನೋದನ್ನೂ ಮರೆಯಬೇಡಿ. ಆ ರಾತ್ರಿ ಯಾರೂ ಗುದ್ದಲಿ ಎತ್ತಲಿಲ್ಲ.

ಹಾಗಾದ್ರೆ ಬದಲಾದದ್ದು ಏನು? ದೈಹಿಕ ಕ್ಷಮತೆ, ತರಬೇತಿ, ಜೂನಿಯರ್ ತಂಡ, 2018ರಿಂದ ಒಡಿಶಾ ಸರ್ಕಾರದ ಪ್ರಾಯೋಜಕತ್ವ. ಅಂದರೆ ನೆಲ, ನೀರು, ಗೊಬ್ಬರ. ಬುಡ ಒಂದಿಷ್ಟು ಉಳಿಯಿತು, ನಡುವೆ ಹೊಸ ಸಸಿ ತುಂಬಿದರು. ನಮ್ಮ ರೈತರೂ ಒಳ್ಳೇ ಕುಳೆಯಲ್ಲಿ ಸಂದು ಬಿದ್ದ ಕಡೆ ಇದನ್ನೇ ಮಾಡೋದು.

ಕಥೆ ಇಲ್ಲಿಗೆ ಮುಗಿದಿದ್ದರೆ ಸುಖಾಂತ. ಆದರೆ ನನ್ನ ಪ್ರಶ್ನೆ ಇಲ್ಲಿಂದಲೇ ಶುರು. ಲಂಡನ್‌ನ ಆ ಕಟ್ಟಕಡೆಯ ತಂಡದಲ್ಲಿ ಕೊಡಗಿನ ಮೂವರಿದ್ದರು: ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ. 2016ರ ರಿಯೊದಲ್ಲೂ ಇದ್ದರು. ಹದಿನಾರು ವರ್ಷದ ನಂತರ ಏಷ್ಯನ್ ಗೇಮ್ಸ್ ಚಿನ್ನ ಮರಳಿ ತಂದ 2014ರ ತಂಡದಲ್ಲಿ ಸುನಿಲ್, ರಘುನಾಥ್ ಆಡಿದ್ದರು. ಟೋಕಿಯೊ ತಂಡದಲ್ಲಿ ಒಬ್ಬ ಕನ್ನಡಿಗನೂ ಇರಲಿಲ್ಲ. ಸುನಿಲ್ 2007ರಿಂದ ಆಡಿದವರು. ಅರ್ಹತೆ ತಪ್ಪಿದ ಕಾಲ, ಕೊನೇ ಸ್ಥಾನ, ಕೋಚ್‌ಗಳ ಮೆರವಣಿಗೆ, ಎಲ್ಲ ಕಂಡರು. ಟೋಕಿಯೊಗೆ ಆಯ್ಕೆ ಆಗಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ನಿವೃತ್ತಿ ಹೇಳಿದರು. ಬಿತ್ತಿದ್ದು ಅವರೂ ಹೌದು. ರಾಶಿ ಮಾಡುವಾಗ ಕಣದಲ್ಲಿ ಅವರಿಲ್ಲ.

"ಆಟ ಅಂದ್ರೆ ದಾನ ಧರ್ಮ ಅಲ್ಲ ಕಣ್ರೀ. ಅವತ್ತಿಗೆ ಯಾರು ಚೆನ್ನಾಗಿ ಆಡ್ತಾರೋ ಅವರಿಗೆ ಜಾಗ" ಅಂತ ನೀವು ಅಂದ್ರೆ, ಪೂರ್ತಿ ಒಪ್ಪುತ್ತೇನೆ. ತಂಡದಲ್ಲಿ ಜಾಗ ಯಾರ ಪಿತ್ರಾರ್ಜಿತವೂ ಅಲ್ಲ. ನಾನು ಹೇಳ್ತಿರೋ ಋಣ ಜಾಗದ ಋಣ ಅಲ್ಲ. ನಿನ್ನನ್ನ ಯಾಕೆ ಬಿಡ್ತಿದ್ದೇವೆ ಅಂತ ಮುಖ ನೋಡಿ ನಿಜ ಹೇಳೋದು ಒಂದು ಋಣ. ಬ್ಯಾಂಕಾಕ್ ನಂತರ ಆದದ್ದು ಅದಲ್ಲ. ಈ ಫಸಲಿನಲ್ಲಿ ನಿನ್ನ ಪಾಲೂ ಇದೆ ಅಂತ ಗೆದ್ದ ದಿನ ಒಪ್ಪಿಕೊಳ್ಳೋದು ಇನ್ನೊಂದು. ಕಿತ್ತು ಕಟ್ಟುವವನು ಈ ಎರಡನ್ನೂ ಮಾಡಿದರೆ ಅವನ ಕೆಲಸ ಕಠಿಣ ಇರಬಹುದು, ಅನ್ಯಾಯ ಅಲ್ಲ. ಮಾಡದಿದ್ದರೆ, ಗೆದ್ದರೂ ಅನ್ಯಾಯವೇ.

ಇದಕ್ಕಿಂತ ಮುಂದೆ ಹೋದವರೂ ಇದ್ದಾರೆ. ಅಮೆರಿಕದ ಐಸ್ ಹಾಕಿ, ಬಾಸ್ಕೆಟ್‌ಬಾಲ್ ಲೀಗ್‌ಗಳಲ್ಲಿ ಸೋತ ತಂಡಕ್ಕೆ ಮುಂದಿನ ವರ್ಷ ಒಳ್ಳೇ ಹೊಸ ಆಟಗಾರನನ್ನ ಮೊದಲು ಆರಿಸೋ ಅವಕಾಶ ಸಿಗುತ್ತೆ. ಹಾಗಾಗಿ ಬೇಕಂತಲೇ ಸೋಲೋ ಲೆಕ್ಕಾಚಾರ ಹುಟ್ಟಿತು. ಅದನ್ನ ತಡೆಯೋಕೆ ಬಾಸ್ಕೆಟ್‌ಬಾಲ್‌ನವರು 1985ರಲ್ಲಿ, ಐಸ್ ಹಾಕಿಯವರು 1995ರಲ್ಲಿ ಲಾಟರಿ ತಂದರು. ಆದರೂ 2015-16ರಲ್ಲಿ ಫಿಲಡೆಲ್ಫಿಯಾದ ಬಾಸ್ಕೆಟ್‌ಬಾಲ್ ತಂಡ 82ರಲ್ಲಿ 72 ಪಂದ್ಯ ಸೋತಿತು. ಅಭಿಮಾನಿಗಳಲ್ಲಿ ಎಷ್ಟೋ ಜನ ಇದು ಮುಂದಿನ ಗೆಲುವಿನ ದಾರಿ ಅಂತ ಚಪ್ಪಾಳೆ ಹೊಡೆದರು. ಯೋಚಿಸಿ: ಆ 72 ಪಂದ್ಯದಲ್ಲೂ ಯಾರೋ ಇಪ್ಪತ್ತೆರಡರ ಹುಡುಗ ಪ್ರಾಣ ಒತ್ತೆ ಇಟ್ಟು ಓಡಿದ್ದಾನೆ. ಅವನು ಸೋಲಲಿ ಅಂತ ಅವನದೇ ಜನ ಬಯಸಿದ್ದಾರೆ.

ಇಲ್ಲಿ ವಯಸ್ಸಿನ ಮಾತೂ ಇದೆ. ಇಪ್ಪತ್ತೈದು, ಮೂವತ್ತರ ನಮಗೆ "ಎಂಟು ವರ್ಷ ಕಾಯೋಣ" ಅನ್ನೋದು ಸುಲಭ, ನಮ್ಮ ಹತ್ತಿರ ವರ್ಷಗಳಿವೆ. 1975ರ ವಿಶ್ವಕಪ್ ಗೆಲುವನ್ನ ರೇಡಿಯೋದಲ್ಲಿ ಕೇಳಿದ ಪೀಳಿಗೆಗೆ ಮುಂದಿನ ಒಲಿಂಪಿಕ್ಸ್ ಖಾತ್ರಿ ಇರಲಿಲ್ಲ. 41 ವರ್ಷದಲ್ಲಿ ಎಷ್ಟು ಜನ ಕಾದು ಕಾದು ಹೋಗಿಬಿಟ್ಟರೋ. ಆಟಗಾರನದ್ದಂತೂ ಇನ್ನೂ ಚಿಕ್ಕ ಆಯುಷ್ಯ. ಅವನ ಇಡೀ ವೃತ್ತಿ ನಮ್ಮ "ಎರಡು ವರ್ಷ ಸೋತರೂ ಚಿಂತಿಲ್ಲ" ಅನ್ನೋ ಮಾತಿನೊಳಗೆ ಮುಗಿದು ಹೋಗಬಹುದು. ಅಭಿಮಾನಿ ಮಾಡೋ ತ್ಯಾಗ ಬಹುತೇಕ ಇನ್ನೊಬ್ಬರ ಜೇಬಿನಿಂದ.

ಹಾಗಂತ ಕುಳೆಯನ್ನೇ ನೆಚ್ಚಿ ಕೂಡಿ ಅಂತ ನಾನು ಹೇಳ್ತಿಲ್ಲ. 1980ರ ನಂತರ ಹಾಗೆ ಕೂತವರೂ ಒಂದು ಪೀಳಿಗೆಯ ಹುಡುಗರಿಗೆ ಅನ್ಯಾಯ ಮಾಡಿದ್ದಾರೆ. ಕೃತಕ ಹಾಸಿನ ಮೇಲೆ ಆಡಬೇಕಾದವರನ್ನ ಹುಲ್ಲಿನ ಮೇಲೇ ಬೆಳೆಸಿದ್ದಾರೆ. ಏನೂ ಮಾಡದೇ ಇರೋದಕ್ಕೂ ಖರ್ಚಿದೆ. ಅದರ ಬಿಲ್ಲು ತಡವಾಗಿ ಬರುತ್ತೆ, ಅಷ್ಟೊತ್ತಿಗೆ ತೀರ್ಮಾನ ತಗೊಂಡವರು ಕುರ್ಚಿ ಬಿಟ್ಟಿರ್ತಾರೆ. ಆದ್ದರಿಂದ ಯಾರಾದ್ರೂ "ಕಿತ್ತು ಕಟ್ಟೋಣ" ಅಂದಾಗ, ಅದು ತಂಡ ಇರಲಿ, ಕಂಪನಿ ಇರಲಿ, ನಾನು ಕೇಳೋದು ಇಷ್ಟೇ: ಹೇಳ್ತಿರೋ ನೀವು ಬೆಳೆ ಬರೋವರೆಗೂ ಇಲ್ಲೇ ಇರ್ತೀರಾ? ಖರ್ಚಿನಲ್ಲಿ ನಿಮ್ಮ ಪಾಲು ಎಷ್ಟು? ಕಿತ್ತವರಿಗೆ ಯಾಕೆ ಅಂತ ಹೇಳಿದ್ದೀರಾ? "ಇನ್ನೊಂದು ವರ್ಷ ನೋಡೋಣ" ಅನ್ನುವವರಿಗೂ ಇದೇ ಪ್ರಶ್ನೆ.

ನಮ್ಮ ಪಾಲಿನ ಖರ್ಚು ಏನು ಅಂತ ಕೇಳಿದ್ರೆ, ಅದು ತೀರಾ ಸಣ್ಣದು. ಪದಕ ಸಿಗೋದು ಆ ದಿನದ ತಂಡಕ್ಕೆ ಮಾತ್ರ. ಹನ್ನೆರಡನೇ ಸ್ಥಾನದ ದಿನ ಓಡಿದವರ ಹೆಸರು ಅದರ ಮೇಲೆ ಇರಲ್ಲ. ಟೋಕಿಯೊ ಕಂಚಿನ ಮಾತು ಬಂದಾಗ ಶ್ರೀಜೇಶ್ ಜೊತೆಗೆ ಸುನಿಲ್, ರಘುನಾಥ್, ಉತ್ತಪ್ಪ ಅಂತ ನಾಲ್ಕು ಹೆಸರು ಒಟ್ಟಿಗೆ ಹೇಳೋದಕ್ಕೆ ಅರ್ಧ ನಿಮಿಷ ಸಾಕು. ಅಷ್ಟನ್ನಾದ್ರೂ ನಾವು ಕೊಡಬಹುದು.