ಹಿರಿಯರನ್ನು ಎಬ್ಬಿಸಲು ಅಂಜಿಕೆಯೇ?

ಆಸ್ಪತ್ರೆಯ ವಾರ್ಡಿನಲ್ಲಿದ್ದ ರೋಗಿಯ ಹೃದಯ ಥಟ್ಟನೆ ನಿಂತುಹೋಯಿತು ಎನ್ನುತ್ತೇವೆ. ಆದರೆ ಎಷ್ಟೋ ಬಾರಿ ಗಂಟೆಗಳ ಮೊದಲೇ ಉಸಿರಾಟದ ವೇಗ ಹೆಚ್ಚಿರುತ್ತದೆ, ರಕ್ತದೊತ್ತಡ ಇಳಿದಿರುತ್ತದೆ, ಮಾತು ಅಸಂಬದ್ಧವಾಗಿರುತ್ತದೆ. ದಾದಿ ಅದನ್ನು ಬರೆದಿಟ್ಟೂ ಇರುತ್ತಾಳೆ. ನಡುರಾತ್ರಿ ಹಿರಿಯ ವೈದ್ಯರನ್ನು ಎಬ್ಬಿಸುವವರು ಯಾರು?

ಈ ಸಮಸ್ಯೆಗೆ ಪರಿಹಾರವಾಗಿ 1990ರ ಸುಮಾರಿಗೆ ಸಿಡ್ನಿಯ ಲಿವರ್‌ಪೂಲ್ ಆಸ್ಪತ್ರೆಯಲ್ಲಿ ತುರ್ತು ತಂಡವೊಂದನ್ನು ರಚಿಸಲಾಯಿತು. ನಾಡಿ, ಉಸಿರಾಟ, ರಕ್ತದೊತ್ತಡ, ಪ್ರಜ್ಞೆ ಇವುಗಳಲ್ಲಿ ಯಾವುದಾದರೂ ಗೊತ್ತುಪಡಿಸಿದ ಮಿತಿ ದಾಟಿದರೆ ದಾದಿಯೇ ಈ ತಂಡವನ್ನು ಕರೆಯಬಹುದು. ಇಂಥ ತಂಡಗಳಿಗೆ ಅಂಕಿ ಬೇಕೆಂದೂ ಇಲ್ಲ, 'ಈ ರೋಗಿಯ ಬಗ್ಗೆ ನನಗೆ ಆತಂಕವಾಗುತ್ತಿದೆ' ಎಂಬ ಕಾರಣವೂ ಸಾಕು.

ಪ್ರಯೋಜನವಾಯಿತೇ? ಮೆಲ್ಬೋರ್ನಿನ ಆಸ್ಟಿನ್ ಆಸ್ಪತ್ರೆಯಲ್ಲಿ ನಾಲ್ಕು ತಿಂಗಳಲ್ಲಿ 63 ಇದ್ದ ಹೃದಯಸ್ತಂಭನಗಳು ತಂಡ ಬಂದ ಮೇಲೆ ಅಷ್ಟೇ ಅವಧಿಯಲ್ಲಿ 22ಕ್ಕೆ ಇಳಿದವು. ಆದರೆ ಆಸ್ಟ್ರೇಲಿಯಾದ 23 ಆಸ್ಪತ್ರೆಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಂಡವಿದ್ದ ಮತ್ತು ಇಲ್ಲದ ಆಸ್ಪತ್ರೆಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ತಂಡವೇ ವ್ಯರ್ಥವೇ? ನನಗೆ ಹಾಗೆನಿಸುವುದಿಲ್ಲ. ಲಕ್ಷಣ ಸ್ಪಷ್ಟವಿದ್ದರೂ ಎಷ್ಟೋ ರೋಗಿಗಳಿಗಾಗಿ ತಂಡವನ್ನು ಕರೆದೇ ಇರಲಿಲ್ಲವೆಂಬುದೂ ಅದೇ ಅಧ್ಯಯನದಲ್ಲಿದೆ. ಬಾಗಿಲು ತೆರೆದಿತ್ತು, ತಟ್ಟುವ ಧೈರ್ಯ ಸಾಲಲಿಲ್ಲ.

ಹಿರಿಯರನ್ನು ಗೌರವಿಸುವುದು ನಮ್ಮ ದೀನ್ ಕಲಿಸಿದ ಗುಣ. ರೋಗಿಯ ಪ್ರಾಣವಾದರೋ ನಮ್ಮ ಕೈಯಲ್ಲಿರುವ ಅಮಾನತು. ಇವೆರಡೂ ಎದುರುಬದುರಾದಾಗ ಏನು ಮಾಡಬೇಕು? ಬದ್ರ್‌ನಲ್ಲಿ ನಡೆದುದನ್ನು ಇಬ್ನು ಇಸ್‌ಹಾಕ್ ದಾಖಲಿಸಿದ್ದಾರೆ. ಬೀಡುಬಿಟ್ಟ ಸ್ಥಳ ಅಲ್ಲಾಹನ ಆದೇಶವೋ ಯುದ್ಧತಂತ್ರವೋ ಎಂದು ಹುಬಾಬ್ ಬಿನ್ ಮುಂದಿರ್(ರ) ಪ್ರವಾದಿವರ್ಯರಲ್ಲಿ(ಸ) ಮೊದಲು ವಿಚಾರಿಸಿದರು. ತಂತ್ರವೆಂದು ತಿಳಿದ ಬಳಿಕ, ಮುಂದೆ ಬಾವಿಯ ಬಳಿಗೆ ಹೋಗುವುದು ಲೇಸೆಂದರು. ಪ್ರವಾದಿವರ್ಯರು(ಸ) ಒಪ್ಪಿದರು. ಅದಬ್ ಕೆಡಲಿಲ್ಲ, ಮಾತೂ ಗಂಟಲಲ್ಲೇ ಉಳಿಯಲಿಲ್ಲ.

ಸೋದರ ಸೋದರಿಯರೇ, ಇದು ದಾದಿಯರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 2013ರಿಂದ, ಇಂಗ್ಲೆಂಡಿನ ಅನೇಕ ಆಸ್ಪತ್ರೆಗಳಲ್ಲಿ 2024ರಿಂದ ಮನೆಯವರೂ ಮರುಪರಿಶೀಲನೆಗೆ ಕರೆ ನೀಡಬಹುದು. ಉಮ್ಮನ ಉಸಿರು ನಿನ್ನೆಯಂತಿಲ್ಲವೆಂದು ಎಷ್ಟೋ ಬಾರಿ ಮೊದಲು ಗುರುತಿಸುವವಳು ಪಕ್ಕದಲ್ಲಿ ಕೂತ ಮಗಳು. 'ಡಾಕ್ಟರಿಗೆ ಗೊತ್ತಿರುತ್ತದೆ, ಅಲ್ಲಾಹನಿದ್ದಾನೆ' ಎಂದು ಆಕೆಯನ್ನು ಸುಮ್ಮನಾಗಿಸುವುದು ತವಕ್ಕುಲ್ ಅಲ್ಲ. ಗದರುವುದೂ ಬೇಡ, ರಾತ್ರಿ ಪಾಳಿಯ ದಾದಿಗೆ ಆ ಒಂದೇ ಹಾಸಿಗೆಯಲ್ಲ. ಗಡಿಯಾರ ನೋಡಿ ಒಂದು ನಿಮಿಷ ಉಸಿರು ಎಣಿಸಿಕೊಂಡು ಹೋದರೆ, ವೈದ್ಯರಿಗೆ ಫೋನ್ ಮಾಡುವಾಗ ದಾದಿಯ ಕೈಯಲ್ಲೊಂದು ಅಂಕಿ ಇರುತ್ತದೆ.